ಲಿಂಕನ್‌ಶೈರ್‌ಗೆ ಹೊಸದಾಗಿ ಬಂದವರಿಗೆ

ನಮ್ಮ ರಾಜ್ಯೋತ್ಸವಕ್ಕೆ ಸರಿಯಾಗಿ ಒಂದು ತಿಂಗಳು ಮುಂಚೆ ಇಂಗ್ಲೆಂಡಿನ ಈ ಜಿಲ್ಲೆಯಲ್ಲೂ ಒಂದು ನಾಡಹಬ್ಬ ಬರುತ್ತದೆ. ಅಕ್ಟೋಬರ್ 1, ಲಿಂಕನ್‌ಶೈರ್ ಡೇ. 1536ರಲ್ಲಿ ಇದೇ ದಿನ ಇಲ್ಲಿಯ ಲೌತ್ ಊರಿನ ಜನ ರಾಜ ಎಂಟನೇ ಹೆನ್ರಿಯ ವಿರುದ್ಧ ದಂಗೆ ಎದ್ದಿದ್ದರು. ಆ ನೆನಪಿಗೆ 2006ರಿಂದ ಆಚರಣೆ. ಆರ್ಕೆಸ್ಟ್ರಾ, ಭಾಷಣ ಎಲ್ಲ ಹುಡುಕಬೇಡಿ. ಬಾವುಟ ಹಾರಿಸುತ್ತಾರೆ, ಊರಿನ ತಿಂಡಿ ತಿನ್ನುತ್ತಾರೆ.

ಎದುರು ಸಿಕ್ಕವರು ‘ನೌ ದೆನ್’ ಅಂದರೆ ಗಾಬರಿ ಬೇಡ. ಮೊದಲ ವಾರ ನಾನು ಏನೋ ತಪ್ಪು ಮಾಡಿದೆ ಅಂತ ನಿಂತೇಬಿಟ್ಟಿದ್ದೆ. ಅದು ‘ಏನ್ ಸಮಾಚಾರ’ ಅಷ್ಟೆ. ಇಲ್ಲಿಯವರು ತಮ್ಮನ್ನು ‘ಯೆಲ್ಲೋಬೆಲ್ಲಿ’, ಅಂದರೆ ಹಳದಿ ಹೊಟ್ಟೆಯವರು ಅಂದುಕೊಳ್ಳುತ್ತಾರೆ. ಯಾಕೆ ಅಂತ ಕೇಳಿ ನೋಡಿ. ಒಬ್ಬೊಬ್ಬರದು ಒಂದೊಂದು ಕಥೆ.

ಬಿಡುವಿದ್ದಾಗ ಬಾಸ್ಟನ್, ಸ್ಪಾಲ್ಡಿಂಗ್ ಕಡೆ ಹೋಗಿ. ಒಂದು ಕಾಲದ ಜೌಗು ನೆಲ. ಕಾಲುವೆ ತೋಡಿ, ನೀರನ್ನು ಸಮುದ್ರಕ್ಕೆ ಬಿಟ್ಟು ಹೊಲ ಮಾಡಿದ್ದಾರೆ. ಕಣ್ಣು ಹಾಯಿಸಿದಷ್ಟೂ ಎಲೆಕೋಸು, ಹೂಕೋಸು, ಆಲೂಗಡ್ಡೆ. ತೋಟದ ಗೇಟಿನ ಮುಂದೆ ಒಂದು ಹಲಗೆ, ಅದರ ಮೇಲೆ ತರಕಾರಿ, ಮೊಟ್ಟೆ. ಪಕ್ಕದಲ್ಲಿ ಸೀಳು ಬಿಟ್ಟ ತಗಡಿನ ಡಬ್ಬಿ. ಮಾರುವವರು ಯಾರೂ ಇರುವುದಿಲ್ಲ. ಬರೆದಿಟ್ಟ ದುಡ್ಡು ಹಾಕಿ ಎತ್ತಿಕೊಂಡು ಹೋಗುವುದು. ಕಾರಲ್ಲಿ ಚಿಲ್ಲರೆ ಇಟ್ಟಿರಿ, ನೋಟು ಹಾಕಿದರೆ ಬಾಕಿ ಯಾರು ಕೊಡುತ್ತಾರೆ, ಅಲ್ವಾ? ಆಗತಾನೆ ಕೊಯ್ದ ಹೂಕೋಸಿನ ಎಲೆ ಮುರಿದರೆ ಚಟ್ ಅನ್ನುತ್ತದೆ. ಆ ಎಲೆ ಬಿಸಾಡಬೇಡಿ, ಎಳೆಯವು ಪಲ್ಯಕ್ಕೆ ಸೊಗಸು.

ಸಸ್ಯಾಹಾರಿಗಳು ಇಲ್ಲಿಯ ಪ್ಲಮ್ ಬ್ರೆಡ್ ಬಗ್ಗೆ ಎಚ್ಚರ. ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಏನೂ ಅನುಮಾನ ಬರುವುದಿಲ್ಲ. ಹಳೆ ಪದ್ಧತಿಯಲ್ಲಿ ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರೆ. ಬೆಣ್ಣೆಯದೂ ಸಿಗುತ್ತದೆ, ಲೇಬಲ್ ಓದಿ ತಗೊಳ್ಳಿ. ನಮ್ಮತ್ತೆ ಕಾಫಿ ಜೊತೆ ಎರಡು ಹೋಳು ಮುಗಿಸಿದ ಮೇಲೆ ನಾನು ಓದಿದೆ. ಅವರಿಗೆ ಇನ್ನೂ ಹೇಳಿಲ್ಲ.

ಜೂನ್‌ನಲ್ಲಿ ಎರಡು ದಿನ ಲಿಂಕನ್‌ಶೈರ್ ಶೋ ನಡೆಯುತ್ತದೆ. ಹೆಸರು ಶೋ, ನಮ್ಮ ಲೆಕ್ಕಕ್ಕೆ ಕೃಷಿಮೇಳ ಮತ್ತು ದನದ ಜಾತ್ರೆ ಎರಡೂ ಸೇರಿದ ಹಾಗೆ. ಲಿಂಕನ್ ಲಾಂಗ್‌ವುಲ್ ಕುರಿ ನೋಡಿ, ಉಣ್ಣೆ ಜಡೆಜಡೆಯಾಗಿ ಇಳಿಬಿದ್ದಿರುತ್ತದೆ. ಲಿಂಕನ್ ರೆಡ್ ದನಗಳಿಗೆ ಈಗ ಹೆಚ್ಚಾಗಿ ಕೊಂಬೇ ಇರುವುದಿಲ್ಲ. ಒಬ್ಬ ರೈತರಿಗೆ ನಾನು ಮೊಬೈಲಿನಲ್ಲಿ ಹಳ್ಳಿಕಾರ್ ಜೋಡಿಯ ಫೋಟೋ ತೋರಿಸಿದೆ. ಕೊಂಬು ನೋಡಿ ಅವರು ಪಕ್ಕದ ಕೊಟ್ಟಿಗೆಯವರನ್ನೂ ಕೂಗಿ ಕರೆದರು. ಅರ್ಧ ಗಂಟೆ ಅಲ್ಲೇ ಹೋಯಿತು.