ಏಳರ ಶೇಷ ಮತ್ತು ಕಾಕಾರ ಗುರು

ನಮ್ಮ ಜಮಖಂಡಿ ಕಡೆ ಶ್ರಾವಣ ಬಂತೆಂದರೆ ರಾತ್ರಿ ಊಟ ಮುಗಿಸಿ ಗುಡಿಯಲ್ಲಿ ಕೂಡುವುದು ರೂಢಿ. ಹಗಲು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ರಾತ್ರಿ ಮಂಡಳಿಗೆ ತಬಲಾ ನುಡಿಸುತ್ತೇನೆ. ಗಮಕಿಗಳು ತಾಳದ ಹಂಗಿಲ್ಲದೆ ವಾಚಿಸುವ ಭಾಮಿನಿ ಷಟ್ಪದಿಯನ್ನು ನಮ್ಮಲ್ಲಿ ರೂಪಕ ತಾಳದ ಠೇಕಾ (ತಬಲಾದ ಮೂಲ ನುಡಿ) ಹಿಡಿದು ಹಾಡುತ್ತಾರೆ. ಎರಡೂ ಇಷ್ಟು ಚಂದ ಹೊಂದುವುದು ಹೇಗೆಂದು ಒಂದು ರಾತ್ರಿ ಲೆಕ್ಕ ಹಾಕಲು ಕೂತೆ.

ಭಾಮಿನಿಯದು ಮೂರು-ನಾಲ್ಕರ ನಡೆ. ರೂಪಕದ್ದು 3+2+2, ಒಟ್ಟು 7. ಪದ್ಯದ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, ಎಂದರೆ ಸರಿಯಾಗಿ ತಾಳದ ಎರಡು ಸುತ್ತು, ಎರಡು ಆವರ್ತನ. 3 ಮತ್ತು 6ನೇ ಸಾಲಿಗೆ 23. ಏಳರಿಂದ ಭಾಗಿಸಿದರೆ ಶೇಷ 2. ಆ ಉಳಿದ ಎರಡು ಮಾತ್ರೆಯೇ ಸಾಲಿನ ಕೊನೆಯ ಗುರು! 22ನೇ ಮಾತ್ರೆ ಎಂದರೆ ಸಮ, ಆವರ್ತನದ ಮೊದಲ ಮಾತ್ರೆ; ಗುರು ನೇರವಾಗಿ ಅದರ ಮೇಲೆ ಬಂದು ಕೂಡುತ್ತದೆ. ಎಷ್ಟೋ ವರ್ಷ ಕೈಯಲ್ಲಿ ನುಡಿಸಿದ್ದು ಹಾಳೆಯ ಮೇಲೆ ಕಂಡಾಗ ಆದ ಸಂತೋಷ ದೊಡ್ಡದು.

ಅಲ್ಲಿಂದ ತಿಹಾಯಿಗೆ ಹೋದೆ. ಒಂದೇ ಬೋಲನ್ನು (ತಬಲಾದ ನುಡಿಗಟ್ಟು) ಮೂರು ಸಲ ನುಡಿಸಿ, ಮೂರನೆಯ ಸಲದ ಧಾ ಪೆಟ್ಟಿಗೆ ಮುಗಿಸುವುದೇ ತಿಹಾಯಿ. ಆರನೇ ಸಾಲಿನ ಗುರು 1, 2ನೇ ಮಾತ್ರೆ ಹಿಡಿದರೆ ನನ್ನ ತಿಹಾಯಿ 3ರಿಂದ ಎದ್ದು, ಕೊನೆಯ ಧಾ ಸಮಕ್ಕೆ ಬರಬೇಕು. ಬೋಲಿನ ಉದ್ದ ‘ಪ’, ನಡುವಿನ ದಮ್ (ಬಿಡುವು) ‘ದ’ ಎಂದರೆ ಒಟ್ಟು ಉದ್ದ 3ಪ+2ದ. ಅದನ್ನು ಏಳರಿಂದ ಭಾಗಿಸಿದರೆ 6 ಉಳಿಯಬೇಕು. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಕೇಳಲು ತುಂಬು ಎನಿಸಿದ್ದನ್ನು ಆರಿಸಿದೆ: ‘ತಿಟ ತಿಟ ಕತ ಗದಿ ಗನ ಧಾ’, ಪ 6, ದ 1, ಒಟ್ಟು 20.

ಗುಡಿಯಲ್ಲಿ ನುಡಿಸಿದೆ. ಮೊದಲ ಧಾಕ್ಕೇ ತಾಳದವರು ಝಲ್ ಎಂದು ಹೊಡೆದು ನಿಂತರು, ಪದ್ಯ ಹೇಳುವ ಕಾಕಾ ಮುಂದಿನ ಪದ್ಯ ಎತ್ತಿಬಿಟ್ಟರು. ನನ್ನ ಉಳಿದೆರಡು ಸುತ್ತು ಅವರ ದನಿಯ ಕೆಳಗೆ ಸಿಕ್ಕಿಕೊಂಡವು. “ಮಾಸ್ತರ್ರ, ಮುಗೀತು ಅಂತ ತಿಳದು ಎತ್ತೀನ್ರಿ” ಎಂದರು.

ಅವರದು ತಪ್ಪಲ್ಲ. ಏಳು ಗುರುತಿನ ವೃತ್ತ ಬರೆದು ಬೆರಳಿಟ್ಟು ನೋಡಿದೆ: 3, 4, 5, 6, 7, 1. ಮೊದಲ ಧಾ ಸಮದ ಮೇಲೆ. ಪ+ದ ಏಳೇ ಆಗಿದ್ದರಿಂದ ಎರಡನೆಯದೂ ಅಲ್ಲೇ, ಮೂರನೆಯದೂ ಅಲ್ಲೇ. ನನ್ನ ಸೂತ್ರ ಕೊನೆಯ ಧಾವನ್ನಷ್ಟೇ ಕಾಯುತ್ತಿತ್ತು. ಕೇಳುವವರು ಮೂರನ್ನೂ ಕಾಯುತ್ತಾರೆ. ಮೊದಲೆರಡು ಸಮ ತಪ್ಪಿಸಿ ಬಿದ್ದರೇ ಮೂರನೆಯದಕ್ಕೆ ಮೈ ಜುಮ್ಮೆನ್ನುವುದು. ಪ+ದ ಏಳರ ಗುಣಕ ಆಗಬಾರದು ಎಂಬ ಎರಡನೇ ನಿಯಮ ಸೇರಿಸಿದೆ. ಉಳಿದವುಗಳಲ್ಲಿ ‘ತಿಟ ಕತ ಧಾ’ ಎಂಬ ಪುಟ್ಟ ಬೋಲು, ಪ 3, ದ 2, ನನಗೆ ಹಿಡಿಸಿತು. ಧಾ 5ಕ್ಕೆ, 3ಕ್ಕೆ, ಆಮೇಲೆ ಸಮಕ್ಕೆ. ರೂಪಕದ ಸಮ ಖಾಲಿ, ಎಂದರೆ ಎಡಗೈಯ ಡಗ್ಗಾದ ಗುಂಗಿಲ್ಲದ ಜಾಗ. ಠೇಕಾದಲ್ಲಿ ಅಲ್ಲಿ ತೀ ಇರುತ್ತದೆ. ಆ ಜಾಗದಲ್ಲಿ ತುಂಬಿದ ಧಾ ಬಿದ್ದಾಗ ಗುಡಿಯ ಕಲ್ಲಿನ ಗೋಡೆ ಕೂಡ ಗುಂಯ್ ಅನ್ನುತ್ತದೆ.

ಆದರೆ ಕಾಕಾ ಛಂದಸ್ಸಿನ ಪುಸ್ತಕ ನೋಡಿ ಹಾಡುವವರಲ್ಲ. ಅರ್ಥ ಭಾರವಾದಲ್ಲಿ ಗುರುವನ್ನು ನಾಲ್ಕು ಮಾತ್ರೆ ಎಳೆಯುತ್ತಾರೆ, ಒಮ್ಮೊಮ್ಮೆ ಆರು. ಆಗ ತಿಹಾಯಿ 5ರಿಂದಲೋ 7ರಿಂದಲೋ ಏಳಬೇಕು. ಹೊಸ ಬೋಲು ಹುಡುಕಬೇಕೇನೋ ಎಂದು ಅಂಜಿ ಲೆಕ್ಕ ಮಾಡಿದರೆ ಬೇಕಾಗಲೇ ಇಲ್ಲ. ಎರಡು ಮಾತ್ರೆ ಎಳೆದಾಗ ದಮ್ ಎರಡು, ನಾಲ್ಕು ಎಳೆದಾಗ ಒಂದು, ಆರು ಎಳೆದಾಗ ದಮ್ಮೇ ಇಲ್ಲದ ಬೇದಂ. ಬೋಲು ಅದೇ. ಮೂರು ಮಾತ್ರೆ ಎಳೆದರೆ ಮಾತ್ರ ‘ತಿಟ ಕತ ಗನ ಧಾ’ ಎಂದು ನಾಲ್ಕರದ್ದು, ಬೇದಂ.

ಈಗ ನಾನು ಕೈ ನೋಡುವುದಿಲ್ಲ, ಕಾಕಾರ ಉಸಿರು ನೋಡುತ್ತೇನೆ. ಈ ಶ್ರಾವಣದ ಕೊನೆಯ ಸೋಮವಾರ ಅವರು ಕಣ್ಣು ಮುಚ್ಚಿ ಗುರುವನ್ನು ಪೂರ್ತಿ ಆರು ಮಾತ್ರೆ ಹಿಡಿದರು. ಏಳನೆಯದಕ್ಕೆ ಎತ್ತಿಕೊಂಡೆ, ಒಂಬತ್ತು ಮಾತ್ರೆ ಬಿಡುವಿಲ್ಲದೆ ಓಡಿತು. ಕೊನೆಯ ಧಾ, ತಾಳದ ಝಲ್, ಮುಂದಿನ ಪದ್ಯದ ಮೊದಲ ಅಕ್ಷರ ಮೂರೂ ಒಂದೇ ಸಮದಲ್ಲಿ ಬಂದವು.