ಸಿಹಿ, ಕುರುಕಲು ಬಿಟ್ಟು ನಿಧಾನವಾಗಿ ತೂಕ ಇಳಿಸಿದ ನನ್ನ ಅನುಭವ

ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಸಮಯದಲ್ಲಿ ನನ್ನ ತೂಕ ಸುಮಾರು 12 ಕೆಜಿ ಇಳಿದಿದೆ. ಜಿಮ್‌ಗೆ ಸೇರಲಿಲ್ಲ. ತೂಕ ಇಳಿಸುವ ಪುಡಿ, ಮಾತ್ರೆ ಯಾವುದನ್ನೂ ಮುಟ್ಟಲಿಲ್ಲ. ಒಂದು ಹೊತ್ತಿನ ಊಟವನ್ನೂ ಬಿಡಲಿಲ್ಲ. ಬಿಟ್ಟಿದ್ದು ಸಿಹಿ ಮತ್ತು ಕುರುಕಲು ತಿಂಡಿ ಮಾತ್ರ, ಅದೂ ಒಂದೊಂದಾಗಿ.

ಇದನ್ನು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಅಷ್ಟು ಬಾಯಿ ಕಟ್ಟೋದು ನಮ್ಮಿಂದ ಆಗಲ್ಲಪ್ಪ." ನನ್ನ ಪ್ರಕಾರ ಇದು ಬಾಯಿ ಕಟ್ಟುವ ವಿಷಯವೇ ಅಲ್ಲ. ಊಟ ಹೊಟ್ಟೆ ತುಂಬ ಆಗಿದ್ದರೆ ಸಿಹಿ ಬಿಡುವುದು ಅಷ್ಟೇನೂ ಕಷ್ಟವಲ್ಲ. ಊಟ ಅರೆಬರೆ ಆಗಿದ್ದರೆ ಎಂಥ ಗಟ್ಟಿ ಮನಸ್ಸಿನವರಿಗೂ ಕಷ್ಟ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಏನನ್ನೂ ಬಿಡಲಿಲ್ಲ, ಸುಮ್ನೆ ಬರೆದಿಟ್ಟೆ. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಫೋನಿನಲ್ಲಿ ಗುರುತು ಮಾಡಿಕೊಂಡೆ. ಏನು ತಿಂದೆ, ಎಷ್ಟು ಹೊತ್ತಿಗೆ, ಆಗ ನಿಜವಾಗಿಯೂ ಹಸಿವಿತ್ತಾ ಇಲ್ಲವಾ, ಇಷ್ಟೇ. ಕ್ಯಾಲೊರಿ ಲೆಕ್ಕ ಹಾಕಲಿಲ್ಲ. ವಾರದ ಕೊನೆಗೆ ನೋಡಿದರೆ ಎಲ್ಲವೂ ಎರಡು ಹೊತ್ತಿನಲ್ಲೇ ಗುಂಪಾಗಿತ್ತು. ಒಂದು, ಸಂಜೆ ನಾಲ್ಕರಿಂದ ಆರರವರೆಗೆ. ಇನ್ನೊಂದು, ರಾತ್ರಿ ಊಟ ಮುಗಿದು ಮಲಗುವವರೆಗೆ. ಬೆಳಗ್ಗೆ ನನಗೆ ಸಿಹಿಯ ನೆನಪೇ ಬರುತ್ತಿರಲಿಲ್ಲ. ಹಾಗಾಗಿ ದಿನಪೂರ್ತಿ ಹೋರಾಡಬೇಕಾಗಿಲ್ಲ, ಈ ಎರಡು ಹೊತ್ತು ನೋಡಿಕೊಂಡರೆ ಸಾಕು ಎಂದು ಗೊತ್ತಾಯಿತು. ನೀವು ಶುರು ಮಾಡುವುದಾದರೆ ಈ ಒಂದು ವಾರವನ್ನು ದಯವಿಟ್ಟು ಬಿಡಬೇಡಿ. ನಿಮ್ಮ ಹೊತ್ತು ಬೇರೆ ಇರಬಹುದು.

ಮೊದಲು ಕೈ ಹಾಕಿದ್ದು ಕುಡಿಯುವ ಸಿಹಿಗೆ. ತಿನ್ನುವ ಸಿಹಿಗಿಂತ ಇದನ್ನು ಬಿಡುವುದು ಸುಲಭ, ಲಾಭವೂ ಜಾಸ್ತಿ. ಕುಡಿದ ಸಿಹಿಯಿಂದ ಹೊಟ್ಟೆ ತುಂಬಿದ ಹಾಗೆ ಅನಿಸುವುದಿಲ್ಲ, ಅದರ ಮೇಲೆ ಊಟ ಎಂದಿನಷ್ಟೇ ಇಳಿಯುತ್ತದೆ. 330 ಮಿಲಿಲೀಟರಿನ ಸಾಮಾನ್ಯ ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಒಂದು ಟೀ ಚಮಚಕ್ಕೆ 4 ಗ್ರಾಂ ಎಂದುಕೊಂಡರೆ ಹತ್ತಿರ ಹತ್ತಿರ ಒಂಬತ್ತು ಚಮಚ. ಲೋಟದ ನೀರಿಗೆ ಒಂಬತ್ತು ಚಮಚ ಸಕ್ಕರೆ ಹಾಕಿ ಕೊಟ್ಟರೆ ಯಾರೂ ಕುಡಿಯುವುದಿಲ್ಲ, ಅಲ್ವಾ? ತಣ್ಣಗಿದ್ದು, ಹುಳಿ ಸೇರಿ, ಗ್ಯಾಸ್ ತುಂಬಿದಾಗ ನಾಲಿಗೆಗೆ ಅಷ್ಟು ಸಿಹಿ ಗೊತ್ತಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಹೇಳಿದ ಲೆಕ್ಕ ನನಗೆ ತುಂಬ ಉಪಯೋಗಕ್ಕೆ ಬಂತು. ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ. 10ಕ್ಕಿಂತ ಕಡಿಮೆ ಸಕ್ಕರೆಯಿಂದ ಬರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಶೇ. 10 ಎಂದರೆ 50 ಗ್ರಾಂ, ಶೇ. 5 ಎಂದರೆ 25 ಗ್ರಾಂ. ಆ ಒಂದು ಡಬ್ಬಿ ಕೋಲಾ 25 ಗ್ರಾಮನ್ನು ದಾಟಿಯೇ ಬಿಡುತ್ತದೆ. ಈ ಲೆಕ್ಕಕ್ಕೆ ನಾವು ಹಾಕಿಕೊಳ್ಳುವ ಸಕ್ಕರೆಯ ಜೊತೆ ಜೇನುತುಪ್ಪವೂ ಸೇರುತ್ತದೆ, ಹಣ್ಣಿನ ರಸದ ಸಕ್ಕರೆಯೂ ಸೇರುತ್ತದೆ. ಇಡೀ ಹಣ್ಣು ಮತ್ತು ಹಾಲಿನಲ್ಲಿ ತಾನಾಗಿಯೇ ಇರುವ ಸಕ್ಕರೆ ಸೇರುವುದಿಲ್ಲ. ಜ್ಯೂಸ್ ಆರೋಗ್ಯಕ್ಕೆ ಒಳ್ಳೆಯದು ಎಂದು ದೊಡ್ಡ ಲೋಟ ತುಂಬಿಸಿಕೊಳ್ಳುವವರು ಇದನ್ನು ಗಮನಿಸಬೇಕು. ಕಿತ್ತಳೆಯನ್ನು ಬಿಡಿಸಿ ತಿಂದರೆ ಒಂದಕ್ಕೋ ಎರಡಕ್ಕೋ ಸಾಕಾಗುತ್ತದೆ. ಹಿಂಡಿದರೆ ನಾಲ್ಕು ಹಣ್ಣಿನ ರಸ ಎರಡು ನಿಮಿಷದಲ್ಲಿ ಖಾಲಿ.

ತಂಪು ಪಾನೀಯ ಒಂದೇ ಸಲಕ್ಕೆ ಬಿಟ್ಟೆ. ಟೀ, ಕಾಫಿಯ ಸಕ್ಕರೆಗೆ ಆ ದಾರಿ ಹಿಡಿಯಲಿಲ್ಲ. ನಾನು ದಿನಕ್ಕೆ ನಾಲ್ಕು ಲೋಟ ಕುಡಿಯುವವನು, ಪ್ರತಿ ಲೋಟಕ್ಕೆ ಎರಡು ಚಮಚ. ಅಂದರೆ 32 ಗ್ರಾಂ ಸಕ್ಕರೆ, ಹೆಚ್ಚುಕಡಿಮೆ 130 ಕ್ಯಾಲೊರಿ. ಮೊದಲು ಎರಡು ಚಮಚವನ್ನು ಒಂದೂವರೆ ಮಾಡಿದೆ. ಮೊದಲ ಕೆಲವು ದಿನ ಏನೋ ಕಮ್ಮಿ ಅನಿಸಿತು, ಆಮೇಲೆ ಅದೇ ರೂಢಿಯಾಯಿತು. ಪೂರ್ತಿ ರೂಢಿಯಾದ ಮೇಲೆಯೇ ಒಂದು ಚಮಚಕ್ಕೆ ಇಳಿದೆ, ಆಮೇಲೆ ಅರ್ಧಕ್ಕೆ. ಈಗಲೂ ಅರ್ಧ ಚಮಚದಲ್ಲೇ ಇದ್ದೇನೆ, ಸೊನ್ನೆಗೆ ಹೋಗುವ ಹಟ ನನಗಿಲ್ಲ. ನಾಲಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಕೊಡಬೇಕು. ಈಗ ಯಾರಾದರೂ ಎರಡು ಚಮಚ ಹಾಕಿದ ಟೀ ಕೊಟ್ಟರೆ ಅದರಲ್ಲಿ ಟೀ ರುಚಿಯೇ ಸಿಗುವುದಿಲ್ಲ.

ಸಕ್ಕರೆ ಬದಲು ಸಕ್ಕರೆರಹಿತ ಸಿಹಿಮಾತ್ರೆ ಹಾಕಬಹುದಲ್ಲ ಎಂದು ಕೇಳಿದವರಿದ್ದಾರೆ. ನಾನು ಹಾಕಲಿಲ್ಲ. ಸಿಹಿಯ ಅಭ್ಯಾಸವೇ ಕಡಿಮೆಯಾಗಲಿ ಎನ್ನುವುದು ನನ್ನ ಉದ್ದೇಶವಾಗಿತ್ತು. ತೂಕ ಇಳಿಸುವುದಕ್ಕಾಗಿ ಇಂಥ ಸಿಹಿಕಾರಕಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರನ್ನು ಕೇಳಬೇಕು.

ಇನ್ನು ಸಂಜೆಯ ವಿಷಯ. ನಿಜವಾದ ಕೆಲಸ ಇದ್ದದ್ದು ಇಲ್ಲೇ.

ನಾಲ್ಕು ಗಂಟೆಯಾಗುತ್ತಿದ್ದ ಹಾಗೆ ಹೊಟ್ಟೆ ಚುರುಗುಟ್ಟಲು ಶುರು. ಕೈ ತಾನಾಗಿಯೇ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿತ್ತು. ಬರೆದಿಟ್ಟದ್ದನ್ನು ಮತ್ತೆ ತೆಗೆದು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಧ್ಯಾಹ್ನದ ಊಟ ಚೆನ್ನಾಗಿ ಆದ ದಿನ ಸಂಜೆ ಒಂದೆರಡು ಬಿಸ್ಕತ್ತಿಗೆ ಮುಗಿದಿತ್ತು. ಕೆಲಸದ ನಡುವೆ ಬೇಗ ಬೇಗ ಏನೋ ಒಂದು ತಿಂದು ಎದ್ದ ದಿನ ಅರ್ಧ ಪ್ಯಾಕೆಟ್ ಖಾಲಿಯಾಗಿತ್ತು. ಹಾಗಾಗಿ ಬಿಸ್ಕತ್ತನ್ನು ಅಲ್ಲಿಗೇ ಬಿಟ್ಟು ಮೊದಲು ಮಧ್ಯಾಹ್ನದ ಊಟ ಸರಿ ಮಾಡಿಕೊಂಡೆ. ತಟ್ಟೆಯ ಅರ್ಧದಷ್ಟು ತರಕಾರಿ. ಮೊಟ್ಟೆಯೋ ಬೇಳೆಕಾಳೋ ಒಂದು ಇರಲೇಬೇಕು. ಉಳಿದದ್ದು ಎಂದಿನ ಊಟ. ಪ್ರೋಟೀನ್ ಮತ್ತು ನಾರು ಜಾಸ್ತಿ ಇರುವ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಬೇಗ ಹಸಿವಾಗುವುದಿಲ್ಲ. ಕುಳಿತು, ಫೋನ್ ಪಕ್ಕಕ್ಕಿಟ್ಟು, ಅಗಿದು ತಿನ್ನಲು ಶುರು ಮಾಡಿದೆ. ಕೆಲವೇ ವಾರಗಳಲ್ಲಿ ನಾಲ್ಕು ಗಂಟೆಯ ಹಸಿವು ಐದೂವರೆಗೆ ಸರಿಯಿತು, ಅದರ ಜೋರೂ ಇಳಿಯಿತು. ಆಗ ಬಿಸ್ಕತ್ತಿನ ಜಾಗಕ್ಕೆ ಒಂದು ಹಣ್ಣು ಮತ್ತು ಒಂದು ಹಿಡಿ ಕಡಲೆಬೀಜ ಬಂತು. ಕಡಲೆಬೀಜದಲ್ಲೂ ಕ್ಯಾಲೊರಿ ಸಾಕಷ್ಟಿದೆ, ಹಾಗಾಗಿ ಡಬ್ಬಿಯಿಂದಲೇ ತಿನ್ನದೆ ಹಿಡಿಯಷ್ಟನ್ನು ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡುತ್ತೇನೆ.

ತುಂಬ ಜನ ಇದನ್ನು ತಿರುಗುಮುರುಗಾಗಿ ಮಾಡುವುದನ್ನು ನೋಡಿದ್ದೇನೆ. ಸಿಹಿ ಬಿಡುವ ದಿನವೇ ಊಟವನ್ನೂ ಅರ್ಧ ಮಾಡುತ್ತಾರೆ. ಸಂಜೆ ಹೊತ್ತಿಗೆ ಕೈಕಾಲು ಸೋತು ಸಿಕ್ಕಿದ್ದನ್ನು ತಿನ್ನುತ್ತಾರೆ. ಆಮೇಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಅವರ ಮನಸ್ಸಿನಲ್ಲಿ ದೋಷ ಏನೂ ಇಲ್ಲ, ಹಸಿದ ದೇಹ ತನ್ನ ಕೆಲಸ ತಾನು ಮಾಡಿದೆ ಅಷ್ಟೆ.

ಪ್ಯಾಕೆಟ್ ತಿಂಡಿಯನ್ನು ಸ್ವಲ್ಪವೇ ತಿಂದು ನಿಲ್ಲಿಸುವುದು ಯಾಕೆ ಅಷ್ಟು ಕಷ್ಟ ಎನ್ನುವುದಕ್ಕೂ ಆಧಾರ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ತಮ್ಮಲ್ಲೇ ಇರಿಸಿಕೊಂಡು ಮಾಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ, ಅತಿ ಸಂಸ್ಕರಿಸಿದ ಆಹಾರ. ಇನ್ನೆರಡು ವಾರ ಸಂಸ್ಕರಿಸದ ಆಹಾರ. ಎರಡರಲ್ಲೂ ಮುಂದಿಟ್ಟ ಊಟದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಸಮವಾಗಿತ್ತು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದು ಬಿಟ್ಟರು. ಸಂಸ್ಕರಿಸಿದ ಆಹಾರ ಕೊಟ್ಟ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ತಿನ್ನುವ ವೇಗವೂ ಜಾಸ್ತಿ ಇತ್ತು. ತೂಕ ಸುಮಾರು 0.9 ಕೆಜಿ ಏರಿತು, ಇನ್ನೊಂದು ಊಟದಲ್ಲಿ ಅಷ್ಟೇ ಇಳಿಯಿತು. ಇದನ್ನು ಓದಿದ ಮೇಲೆ "ಚಿಪ್ಸ್ ಲೆಕ್ಕ ಇಟ್ಟುಕೊಂಡು ತಿನ್ನುತ್ತೇನೆ" ಎನ್ನುವ ಯೋಚನೆ ಬಿಟ್ಟೆ. ಮನೆಗೆ ತರುವುದನ್ನೇ ನಿಲ್ಲಿಸಿದೆ. ಆಸೆಯಾದರೆ ಹೊರಗೆ ಹೋಗಿ ಸಣ್ಣ ಪ್ಯಾಕೆಟ್ ತಂದು ತಿನ್ನಬಹುದು ಎನ್ನುವುದು ನನ್ನ ನಿಯಮ. ಹೆಚ್ಚಿನ ದಿನ ಅಷ್ಟು ದೂರ ಹೋಗುವಷ್ಟು ಆಸೆ ಇರುವುದಿಲ್ಲ.

ಮನೆಯಲ್ಲಿ ಉಳಿದವರಿಗೆ ತಿಂಡಿ ಬೇಕಿದ್ದರೆ ಏನು ಮಾಡುವುದು? ನಾವು ಮಾತಾಡಿಕೊಂಡು ಅವರದ್ದನ್ನು ಬೇರೆ ಕಪಾಟಿಗೆ, ಕಣ್ಣಿಗೆ ಬೀಳದ ಕಡೆಗೆ ಸರಿಸಿದೆವು. ಅಡುಗೆಮನೆಯ ಕಟ್ಟೆಯ ಮೇಲೆ ಹಣ್ಣಿನ ಬುಟ್ಟಿ ಬಂತು. ಇಷ್ಟಕ್ಕೇ ಬೇಕಾದಷ್ಟು ವ್ಯತ್ಯಾಸವಾಯಿತು.

ಅಂಗಡಿಯಲ್ಲಿ ಪ್ಯಾಕೆಟ್ ಹಿಂಭಾಗ ಓದುವುದನ್ನೂ ಈ ಹೊತ್ತಿಗೆ ಕಲಿತೆ. ಯಾವ ಪದಾರ್ಥ ತೂಕದಲ್ಲಿ ಜಾಸ್ತಿ ಇದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ ಕಂಡರೆ ವಾಪಸ್ ಇಡುತ್ತೇನೆ. ಸಕ್ಕರೆ ಒಂದೇ ಹೆಸರಿನಲ್ಲಿ ಇರುವುದಿಲ್ಲ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಫ್ರಕ್ಟೋಸ್ ಎಂದೆಲ್ಲ ಬೇರೆ ಬೇರೆಯಾಗಿ ಬರೆದಾಗ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಸೇರಿಸಿದರೆ ಅದೇ ಮೊದಲ ಸ್ಥಾನದಲ್ಲಿರಬಹುದು. ಇನ್ನೊಂದು, ಕ್ಯಾಲೊರಿ ಯಾವ ಅಳತೆಗೆ ಎಂದು ನೋಡಬೇಕು. ಎಷ್ಟೋ ಸಲ ದೊಡ್ಡ ಅಕ್ಷರದ ಸಣ್ಣ ಸಂಖ್ಯೆ ಎರಡೇ ಬಿಸ್ಕತ್ತಿನದು. ನಾನು ನೇರವಾಗಿ 100 ಗ್ರಾಂನ ಸಾಲು ನೋಡುತ್ತೇನೆ, ಒಂದನ್ನು ಇನ್ನೊಂದಕ್ಕೆ ಹೋಲಿಸಲು ಅದೇ ಸರಿ. ಬೆಳಗಿನ ತಿಂಡಿಯ ಸೀರಿಯಲ್, ಹಣ್ಣಿನ ಸುವಾಸನೆಯ ಮೊಸರು, ಟೊಮೆಟೊ ಕೆಚಪ್ ಇವುಗಳಲ್ಲೂ ಸಕ್ಕರೆ ಇದೆ ಎಂದು ತಿಳಿದದ್ದು ಹೀಗೆಯೇ.

ರಾತ್ರಿಯ ಚಾಕೊಲೇಟ್, ಐಸ್‌ಕ್ರೀಮ್ ಬಿಡುವುದು ಸಂಜೆಯದ್ದಕ್ಕಿಂತ ಬೇರೆ. ಅಲ್ಲಿ ಹಸಿವು ಇಲ್ಲವೇ ಇಲ್ಲ, ಬರೀ ಬಾಯಿಚಪಲ. ಊಟ ಆದ ತಕ್ಷಣ ಹಲ್ಲುಜ್ಜುವುದು ನನಗೆ ಕೆಲಸ ಮಾಡಿತು. ಬೇಗ ಮಲಗುವುದು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ನಿದ್ದೆ ಕಡಿಮೆ ಇರುವವರ ನಿದ್ದೆಯನ್ನು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಮಾಡಿಸಿ ನೋಡಿದ 2022ರ ಒಂದು ಅಧ್ಯಯನದಲ್ಲಿ ಅವರು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದಿದ್ದರು. ಊಟದ ಬಗ್ಗೆ ಅವರಿಗೆ ಯಾವ ಸಲಹೆಯನ್ನೂ ಕೊಟ್ಟಿರಲಿಲ್ಲ.

ತೂಕದ ಮಷೀನಿನ ಬಗ್ಗೆ ಒಂದಿಷ್ಟು ಹೇಳಲೇಬೇಕು, ಯಾಕೆಂದರೆ ಬಹಳ ಜನ ಕೈಬಿಡುವುದು ಅದರ ಮೇಲೆ ನಿಂತಾಗಲೇ. ಮೊದಲ ಒಂದೆರಡು ವಾರ ಸರಸರನೆ ಇಳಿಯುತ್ತದೆ. ಅದರಲ್ಲಿ ಹೆಚ್ಚಿನದು ನೀರು. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶಕ್ತಿಯ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಗ್ಲೈಕೋಜನ್ ಖರ್ಚಾದಾಗ ಆ ನೀರೂ ಹೋಗುತ್ತದೆ. ಆಮೇಲೆ ಇಳಿಯುವ ವೇಗ ತಗ್ಗಿದಾಗ "ಇನ್ನು ಕೆಲಸ ಮಾಡ್ತಾ ಇಲ್ಲ" ಎಂದು ನಿರಾಶರಾಗುತ್ತಾರೆ. ನಿಜವಾಗಿ ಆಗ ಇಳಿಯುವುದರಲ್ಲಿ ಹೆಚ್ಚಿನದು ಕೊಬ್ಬು. ಒಂದು ಕೆಜಿ ದೇಹದ ಕೊಬ್ಬು ಎಂದರೆ ಸುಮಾರು 7700 ಕ್ಯಾಲೊರಿ. ದಿನಕ್ಕೆ 250 ಕ್ಯಾಲೊರಿ ಕಡಿಮೆಯಾದರೆ ಒಂದು ಕೆಜಿಗೆ ಒಂದು ತಿಂಗಳು ಬೇಕು. ನನ್ನ ಟೀ ಸಕ್ಕರೆ, ತಂಪು ಪಾನೀಯ ಎರಡೂ ಸೇರಿ ಹೆಚ್ಚುಕಡಿಮೆ ಇಷ್ಟೇ ಆಗುತ್ತಿತ್ತು. ತೂಕ ಇಳಿದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ. ಅದಕ್ಕೇ ದಿನ ಕಳೆದ ಹಾಗೆ ವೇಗ ಇನ್ನೂ ಇಳಿಯುತ್ತದೆ.

ವಾರಕ್ಕೊಮ್ಮೆ, ಬೆಳಗ್ಗೆ ಎದ್ದು ಏನೂ ತಿನ್ನುವ ಮೊದಲು ತೂಕ ನೋಡುತ್ತೇನೆ. ಉಪ್ಪು ಜಾಸ್ತಿ ತಿಂದ ಮಾರನೇ ದಿನ ಒಂದು ಕೆಜಿ ಮೇಲೆ ಹೋದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಟೇಪಿನಲ್ಲಿ ಅಳೆಯುತ್ತೇನೆ. ತೂಕ ಅಲುಗಾಡದ ತಿಂಗಳುಗಳಲ್ಲೂ ಟೇಪು ಒಳಗೆ ಬಂದದ್ದಿದೆ.

ಮದುವೆ, ಹುಟ್ಟುಹಬ್ಬಗಳಲ್ಲಿ ಸಿಹಿ ತಿನ್ನುತ್ತೇನೆ. ಬಡಿಸುವವರ ಪ್ರೀತಿ ದೊಡ್ಡದು, ಮುಖ ಮುರಿಯಲು ನನಗೆ ಮನಸ್ಸಿಲ್ಲ. ಒಂದು ತುಂಡು ಹಾಕಿಸಿಕೊಂಡು ನಿಧಾನವಾಗಿ ತಿನ್ನುತ್ತೇನೆ. ಎಲ್ಲರ ಜೊತೆ ಕುಳಿತು ತಿಂದ ಒಂದು ತುಂಡು ಸಿಹಿಯಿಂದ ಯಾರೂ ದಪ್ಪಗಾಗುವುದಿಲ್ಲ. ದಪ್ಪ ಮಾಡುವುದು ದಿನಾ ಯಾರಿಗೂ ಗೊತ್ತಾಗದೆ ಒಳಗೆ ಹೋಗುವ ಸಕ್ಕರೆ. ಮಾರನೇ ದಿನ ಉಪವಾಸ ಮಾಡಿ ಸರಿದೂಗಿಸುವ ಪದ್ಧತಿಯೂ ನನ್ನಲ್ಲಿಲ್ಲ, ಎಂದಿನ ಊಟಕ್ಕೆ ವಾಪಸ್ ಬರುತ್ತೇನೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ಸಿಹಿ, ತಿಂಡಿ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧಿಯ ಪ್ರಮಾಣ ಹಾಗೇ ಇದ್ದು ಊಟ ಮಾತ್ರ ಬದಲಾದರೆ ರಕ್ತದ ಸಕ್ಕರೆ ತೀರಾ ಕೆಳಗಿಳಿಯಬಹುದು. ಗರ್ಭಿಣಿಯರು, ಬೆಳೆಯುವ ಮಕ್ಕಳು ನನ್ನ ಅನುಭವ ಓದಿ ತೂಕ ಇಳಿಸಲು ಹೊರಡಬಾರದು.

ಈಗ ಕೆಲವು ತಿಂಗಳಿಂದ ತೂಕ ಒಂದೇ ಕಡೆ ನಿಂತಿದೆ, ನನಗೆ ಅಷ್ಟು ಸಾಕು. ಎರಡು ಕೆಜಿ ಮೇಲೆ ಹೋಗಿ ಅಲ್ಲೇ ನಿಂತರೆ ಮತ್ತೆ ಒಂದು ವಾರ ಬರೆದಿಡುತ್ತೇನೆ. ಬರೆದಾಗೆಲ್ಲ ಮೊದಲು ಸಿಗುವುದು ಮಧ್ಯಾಹ್ನ ಅವಸರದಲ್ಲಿ ಮುಗಿಸಿದ ಊಟ, ಹಾಗಾಗಿ ಅಲ್ಲಿಂದಲೇ ಸರಿ ಮಾಡಲು ಶುರು ಮಾಡುತ್ತೇನೆ.