ಮರಳಿ ಬೆಳೆಯುತ್ತಿರುವ ಕಾಡಿನಲ್ಲಿ ಎರೆಹುಳುಗಳ ಲೆಕ್ಕ ಹಿಡಿಯುವುದು ಹೇಗೆ?

ಎರೆಹುಳು ಹೆಚ್ಚಿದ್ದಷ್ಟೂ ಮಣ್ಣು ಒಳ್ಳೆಯದು ಎಂಬ ಮಾತು ತೋಟದ ಮಟ್ಟಿಗೆ ಸರಿಯಿರಬಹುದು; ಆದರೆ ಕಡಿದುಹೋದ ಕಾಡು ಮತ್ತೆ ತಲೆಯೆತ್ತುತ್ತಿರುವ ನೆಲದಲ್ಲಿ ಈ ಅಳತೆಗೋಲು ದಾರಿ ತಪ್ಪಿಸುತ್ತದೆ. ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದಲ್ಲಿ, ರೈತರು ಬಿಟ್ಟುಹೋದ ಹುಲ್ಲುಗಾವಲುಗಳ ಮೇಲೆ ಕಾಡು ತಾನಾಗಿ ಮರಳಿದೆ. ಅಲ್ಲಿನ ಮಣ್ಣನ್ನು ಅಗೆದು ನೋಡಿದ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಳುಗಳ ಸಂಖ್ಯೆ ಹೆಚ್ಚಿದ್ದುದು ಕಾಡಿನಲ್ಲಲ್ಲ, ಹುಲ್ಲುಗಾವಲಿನಲ್ಲಿ. ಅವೆಲ್ಲವೂ ಪಾಂಟೊಸ್ಕೋಲೆಕ್ಸ್ ಕೊರೆಥ್ರೂರಸ್ ಎಂಬ ಒಂದೇ ಜಾತಿಯವು. ಕಾಡು ಬಲಿತಂತೆ ಸಂಖ್ಯೆ ಇಳಿಯಿತು, ಜಾತಿಗಳು ಹೆಚ್ಚಿದವು. ಆದ್ದರಿಂದ ಎಷ್ಟು ಹುಳುಗಳಿವೆ ಎಂಬುದರ ಜೊತೆಗೆ ಯಾವ ಯಾವ ಹುಳುಗಳಿವೆ ಎಂಬುದನ್ನೂ ಬರೆದುಕೊಳ್ಳದ ಲೆಕ್ಕ ಅರ್ಧ ಲೆಕ್ಕವಷ್ಟೇ.

ದಕ್ಷಿಣ ಅಮೆರಿಕ ಮೂಲದ ಈ ಹುಳು ಗಿಡಗಳ ಬೇರುಮಣ್ಣಿನೊಂದಿಗೆ ಉಷ್ಣವಲಯದ ಉದ್ದಗಲಕ್ಕೂ ಹಬ್ಬಿ, ನಮ್ಮ ಪಶ್ಚಿಮ ಘಟ್ಟದ ತೋಟಗಳಲ್ಲಿಯೂ ನೆಲೆಯೂರಿದೆ. ಸಂಗಾತಿಯಿಲ್ಲದೆಯೇ ಮರಿ ಮಾಡಬಲ್ಲದ್ದರಿಂದ ಒಂದೇ ಒಂದು ಹುಳು ಬಂದರೂ ಸಾಕು, ಸಂತತಿ ಬೆಳೆಯುತ್ತದೆ. ಬ್ರೆಜಿಲ್‌ನ ಮನೌಸ್ ಬಳಿ ಕಾಡು ಸವರಿ ಮಾಡಿದ ಹುಲ್ಲುಗಾವಲುಗಳಲ್ಲಿ, ಮಣ್ಣನ್ನು ಸಡಿಲಗೊಳಿಸುವ ಬೇರೆ ಜೀವಿಗಳು ಇಲ್ಲವಾದಾಗ, ಇದರ ಹಿಕ್ಕೆಯೇ ನೆಲದ ಮೇಲೆ ಗಟ್ಟಿಯಾದ ಪದರವಾಗಿ ನೀರು ಇಂಗದಂತೆ ಮಾಡಿದ್ದು 1999ರಲ್ಲಿ ವರದಿಯಾಯಿತು. ರೈತನ ಮಿತ್ರನೆಂದು ನಾವು ಅಕ್ಕರೆಯಿಂದ ಕಾಣುವ ಜೀವಿಯ ಬಗ್ಗೆ ಇದನ್ನು ಹೇಳುವುದು ಕಷ್ಟವಾದರೂ ಹೇಳಲೇಬೇಕಾಗಿದೆ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಇಳಿಯುವವರು ಮೊದಲು ಜಾಗ ಆರಿಸಬೇಕು. ಈಗಲೂ ದನ ಮೇಯುವ ಒಂದು ಬೇಣ, ಹತ್ತು ವರ್ಷದಿಂದ ಹಾಗೆಯೇ ಬಿಟ್ಟಿರುವ ಒಂದು ಹಕ್ಕಲು, ಮೂವತ್ತು ವರ್ಷದ ಮರುಕಾಡು, ಹೋಲಿಕೆಗೆ ಒಂದು ಹಳೆಯ ಕಾನು: ಹೀಗೆ ಬೇರೆ ಬೇರೆ ವಯಸ್ಸಿನ ನೆಲಗಳು ಬೇಕು. ಮಣ್ಣಿನ ಬಗೆ ಮತ್ತು ಇಳಿಜಾರು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಆಗಿರಲಿ. ಇಲ್ಲವಾದರೆ ಕಾಣುವ ವ್ಯತ್ಯಾಸ ವಯಸ್ಸಿನದೋ ಮಣ್ಣಿನದೋ ತಿಳಿಯದು. ನೆಲ ಯಾವಾಗ ಪಾಳುಬಿತ್ತೆಂದು ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿಯಿಲ್ಲದೆ ಅಗೆಯಬಾರದು.

ಬೇಸಿಗೆಯಲ್ಲಿ ಹುಳುಗಳು ಆಳಕ್ಕಿಳಿದು ಸುರುಳಿ ಸುತ್ತಿ ಮಲಗಿರುತ್ತವೆ. ಸುರಿವ ಮಳೆಯಲ್ಲಿ ಮಣ್ಣು ಕೆಸರಾಗಿ ಕೈಗೆ ಬಿಡಿಸಲು ಬರುವುದಿಲ್ಲ. ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್–ಅಕ್ಟೋಬರ್ ಅನುಕೂಲ. ಎಲ್ಲ ಜಾಗಗಳನ್ನೂ ಒಂದೆರಡು ವಾರದೊಳಗೆ ಮುಗಿಸಬೇಕು.

ಪ್ರತಿ ಜಾಗದಲ್ಲೂ ಒಂದು ಹಗ್ಗ ಎಳೆದು, 5 ಮೀಟರಿಗೊಂದರಂತೆ ಕನಿಷ್ಠ ಐದು ಕುಳಿಗಳನ್ನು ಗುರುತಿಸಿ. ಒಂದೊಂದೂ 25 ಸೆಂ.ಮೀ. ಚೌಕ, 30 ಸೆಂ.ಮೀ. ಆಳ. ಸನಿಕೆ ಹಾಕುವ ಮೊದಲೇ ಆ ಚೌಕದ ಮೇಲಿನ ತರಗೆಲೆಯನ್ನು ಬಾಚಿ ಬೇರೆ ಚೀಲಕ್ಕೆ ತುಂಬಬೇಕು. ಆತುರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಆದರೆ ಕಾಡು ಮರಳುತ್ತಿರುವುದರ ಮೊದಲ ಸುಳಿವು ಸಿಗುವುದು ಈ ದರಗಿನಲ್ಲೇ. ಅನಂತರ ಮಣ್ಣನ್ನು 10 ಸೆಂ.ಮೀ. ಪದರಗಳಾಗಿ ತೆಗೆದು, ಬಿಳಿಯ ಹಾಳೆಯ ಮೇಲೆ ಹರಡಿ, ಹೆಂಟೆಗಳನ್ನು ಕೈಯಲ್ಲೇ ಪುಡಿಮಾಡುತ್ತಾ ಹುಳು ಆಯಬೇಕು. ತುಂಡಾದ ಹುಳುಗಳಲ್ಲಿ ತಲೆಯ ಭಾಗವನ್ನು ಮಾತ್ರ ಎಣಿಸಿ.

ಆಯ್ದ ಹುಳುಗಳನ್ನು ತೊಳೆದು ಮೂರು ಗುಂಪು ಮಾಡಿ. ದರಗಿನಲ್ಲಿ ಬದುಕುವವು ಸಾಮಾನ್ಯವಾಗಿ ಚಿಕ್ಕವು, ಕಡುಬಣ್ಣದವು. ಮಣ್ಣನ್ನೇ ತಿನ್ನುತ್ತಾ ಒಳಗೇ ಇರುವವು ಬಿಳಿಚಿದವು. ಆಳದ ಬಿಲದಿಂದ ಬಂದು ಎಲೆಯನ್ನು ಒಳಗೆಳೆದುಕೊಳ್ಳುವವು ದೊಡ್ಡವು. ಪೋರ್ಟೊ ರಿಕೊದ ಕಾಡು ಬಲಿತಾಗ ಹೊಸದಾಗಿ ಸೇರಿಕೊಂಡದ್ದು ಮೊದಲ ಮತ್ತು ಮೂರನೆಯ ಗುಂಪಿನವು. ಪಾಂಟೊಸ್ಕೋಲೆಕ್ಸ್ ಎರಡನೆಯ ಗುಂಪಿಗೆ ಸೇರಿದ್ದು: ಭೂತಗನ್ನಡಿ ಹಿಡಿದು ಬಾಲವನ್ನು ನೋಡಿದರೆ ಬಿರುಗೂದಲುಗಳು ನೇರ ಸಾಲಿನಲ್ಲಿರದೆ, ಒಂದು ಉಂಗುರ ಬಿಟ್ಟು ಇನ್ನೊಂದರಲ್ಲಿ ಜಾಗ ಬದಲಿಸಿಕೊಂಡು ಬ್ರಷ್‌ನಂತೆ ಕಾಣುತ್ತವೆ. ಸೊಂಟದ ಪಟ್ಟಿ ಮೂಡದ ಮರಿಗಳ ಜಾತಿ ಹೇಳುವುದು ಕಷ್ಟವಾದ್ದರಿಂದ ಅವನ್ನು ಪ್ರತ್ಯೇಕವಾಗಿ ಎಣಿಸಬೇಕು. ಭಾರತದಲ್ಲಿ 400ಕ್ಕೂ ಹೆಚ್ಚು ಬಗೆಯ ಎರೆಹುಳುಗಳಿದ್ದು, ಡ್ರಾವಿಡಾದಂತಹ ಸ್ಥಳೀಯ ಕುಲಗಳ ಜಾತಿಯನ್ನು ಖಚಿತಪಡಿಸಲು ಸೀಳಿ ನೋಡಲೇಬೇಕಾಗುತ್ತದೆ. ಹಾಗಾಗಿ ಬಗೆಗೆ ಒಂದೆರಡನ್ನು ಮಾತ್ರ ಆಲ್ಕೋಹಾಲಿನಲ್ಲಿಟ್ಟು ತಜ್ಞರಿಗೆ ಕೊಡಿ, ಉಳಿದವನ್ನು ಮಣ್ಣಿಗೆ ಬಿಡಿ.

ಒಂದು ಕುಳಿಯ ವಿಸ್ತಾರ ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಐದು ಕುಳಿಗಳಲ್ಲಿ ಒಟ್ಟು 20 ಹುಳು ಸಿಕ್ಕರೆ ಸರಾಸರಿ 4. ಅದನ್ನು 16ರಿಂದ ಗುಣಿಸಿದರೆ ಚದರ ಮೀಟರಿಗೆ 64. ಈ ಲೆಕ್ಕವನ್ನು ಪ್ರತಿ ಗುಂಪಿಗೂ ಪದರಕ್ಕೂ ಬೇರೆಯಾಗಿ ಮಾಡಿ. ಹುಳು ಸಿಗದ ಕಡೆ ಅಂಕಣವನ್ನು ಖಾಲಿ ಬಿಡದೆ ಸೊನ್ನೆ ಬರೆಯಿರಿ. ಇಂದು ದರಗಿನ ಅಂಕಣದಲ್ಲಿ ಬಿದ್ದ ಸೊನ್ನೆ ಯಾವ ವರ್ಷ ಒಂದಾಯಿತೆಂದು ಗೊತ್ತಾಗಬೇಕಾದರೆ ಈ ಸೊನ್ನೆಯೂ ದಾಖಲಾಗಿರಬೇಕು. ಕುಳಿ ಮುಚ್ಚಿ, ಮೇಲೆ ತರಗೆಲೆ ಹರಡಿ, ಮುಂದಿನ ವರ್ಷ ಅದೇ ತಿಂಗಳಲ್ಲಿ ಪಕ್ಕದ ನೆಲವನ್ನು ಅಗೆಯಿರಿ.